ಹಬ್ಬದ ಮನೆಯೂ ಹೊಸ ಬಂಡಿಯೂ

ಕುಶಲವನ್ನು ಕೇಳುವಾಗ ನಾವೆಲ್ಲರೂ 'ಯೋಗಕ್ಷೇಮ' ಎಂಬ ಮಾತನ್ನು ಬಳಸುವೆವು. ಕಿವಿಗೆ ಒಂದೇ ಶಬ್ದದಂತೆ ಕೇಳಿಸಿದರೂ ಅದರಲ್ಲಿ ಎರಡು ಸಂಗತಿಗಳು ಅಡಗಿರುವವು. ಇಲ್ಲದ್ದನ್ನು ಸಂಪಾದಿಸುವದು ಯೋಗ; ಇದ್ದದ್ದನ್ನು ಕಾಪಾಡುವದು ಕ್ಷೇಮ. ಸಂಸಾರಕ್ಕೆ ಇವೆರಡೇ ಗಾಲಿಗಳು. ಆಶ್ವಿನ ಮಾಸ ಬಂತೆಂದರೆ ನಮ್ಮ ವಿಜಯಪುರ ಪ್ರಾಂತದ ಮನೆಗಳಲ್ಲಿ ಈ ಎರಡು ಗಾಲಿಗಳೂ ಏಕಕಾಲಕ್ಕೆ ಭರದಿಂದ ತಿರುಗತೊಡಗುವವು. ಒಳಗೆ ಸುಣ್ಣ ಸಾರಣೆ, ಕೌದಿ ಕಂಬಳಿಗಳ ತೊಳೆತ, ಘಟಸ್ಥಾಪನೆ, ಹೋಳಿಗೆ ಕಡಬುಗಳ ಸಿದ್ಧತೆ. ಹೊರಗೆ ಹೊಸ ವಾಹನದ ಮಾತು. ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದ ಟಿಕೋಟೆ, ಬಬಲೇಶ್ವರಗಳ ಕಡೆಯ ರೈತರು ದಸರೆ ದೀಪಾವಳಿಗಳ ನಡುವೆ ನಗರಕ್ಕೆ ಬಂದು ಸರಕಿನ ಮೋಟಾರುಗಳ ಅಂಗಡಿಗಳನ್ನು ಸುತ್ತುವದು ಈಗ ವರ್ಷವರ್ಷದ ನೋಟವಾಗಿದೆ. ಒಳಗಿನ ಈ ಕೆಲಸವೂ ಹೊರಗಿನ ಈ ಕೆಲಸವೂ ಒಂದನ್ನೊಂದು ಹೇಗೆ ಕೆಡಿಸಬಲ್ಲವು, ಹೇಗೆ ತಿದ್ದಬಲ್ಲವು ಎಂಬದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ.

ಹಬ್ಬದಲ್ಲಿಯೇ ವಾಹನವನ್ನೇಕೆ ಕೊಳ್ಳಬೇಕೆಂದು ಕೆಲವರು ಕೇಳುವರು. ಯುಗಾದಿ, ಅಕ್ಷಯ ತೃತೀಯೆ, ವಿಜಯದಶಮಿ, ಬಲಿಪಾಡ್ಯಮಿ ಇವಕ್ಕೆ ಮೂರೂವರೆ ಮುಹೂರ್ತಗಳೆಂದು ಹೆಸರು. ಈ ದಿನಗಳಂದು ಶುಭಕಾರ್ಯಕ್ಕೆ ಪಂಚಾಂಗವನ್ನು ಬಿಚ್ಚಬೇಕಾಗಿಲ್ಲವೆಂದು ರೂಢಿ. ಇವುಗಳಲ್ಲಿ ಅರ್ಧ ಯಾವದೆಂಬ ಬಗ್ಗೆ ಬಲ್ಲವರಲ್ಲಿಯೇ ಮತಭೇದವುಂಟು. ಬಹುಜನರು ಬಲಿಪಾಡ್ಯಮಿಯನ್ನು ಹಾಗೆ ಎಣಿಸುವರು. ಮಹಾನವಮಿಯ ಖಂಡೆಪೂಜೆಗೆ ಹೊಸ ಬಂಡಿಯು ಅಂಗಳದಲ್ಲಿ ನಿಂತಿದ್ದರೆ ಮನೆಗೆ ಶೋಭೆಯೆಂಬದನ್ನು ನಾವೂ ಬಲ್ಲೆವು. ರೂಢಿಯನ್ನು ಹಳಿಯುವವರು ನಾವಲ್ಲ. ಆದರೆ ಮುಹೂರ್ತವು ವಸ್ತುವನ್ನು ಮನೆ ತುಂಬಿಸಿಕೊಳ್ಳುವದಕ್ಕೆ ಹೇಳಿದ್ದೇ ಹೊರತು ಅದನ್ನು ಆರಿಸುವದಕ್ಕೆ ಹೇಳಿದ್ದಲ್ಲ. ಕನ್ಯೆಯನ್ನು ನೋಡಿದ ದಿನವೇ ಯಾರೂ ಅಕ್ಷತೆ ಹಾಕುವದಿಲ್ಲವಷ್ಟೆ.

೨೦೨೫ ರಲ್ಲಿ ಈ ಅವಸರಕ್ಕೆ ಮತ್ತೊಂದು ಕಾರಣ ಸೇರಿತು. ಸರಕು ಸಾಗಿಸುವ ವಾಹನಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ಶೇಕಡಾ ೨೮ ರಿಂದ ೧೮ ಕ್ಕೆ ಇಳಿಯಿತು. ಅದು ಜಾರಿಗೆ ಬಂದ ಸೆಪ್ಟೆಂಬರ್ ೨೨ ನೆಯ ತಾರೀಖು ನವರಾತ್ರಿಯ ಮೊದಲ ದಿನವೂ ಆಗಿತ್ತು. ತೆರಿಗೆಯನ್ನು ಬಿಟ್ಟು ೬ ಲಕ್ಷ ರೂಪಾಯಿ ಬೆಲೆಯ ಬಂಡಿಗೆ ಮೊದಲು ೭,೬೮,೦೦೦ ಆಗುತ್ತಿದ್ದದ್ದು ೭,೦೮,೦೦೦ ಕ್ಕೆ ಇಳಿದಂತಾಯಿತು. ೬೦,೦೦೦ ರೂಪಾಯಿಯು ರೈತನ ಮನೆಗೆ ಸಣ್ಣ ಮೊತ್ತವಲ್ಲ. ಆದರೆ ಆ ಇಳಿಕೆಯು ಹಬ್ಬದ ಹತ್ತು ದಿನಗಳಿಗೆ ಮಾತ್ರ ಕಟ್ಟಿದ್ದಾಗಿರಲಿಲ್ಲ. ದಸರೆ ದಾಟಿದ ಮೇಲೂ ದರ ಅದೇ ಇದ್ದಿತು. ಈ ಮಾತನ್ನು ಅಂಗಡಿಯವನು ತಾನಾಗಿ ಹೇಳಲಾರನು.

ಇನ್ನು ನಮ್ಮ ನಾಡಿನ ಹಣದ ಪಂಚಾಂಗವನ್ನು ನೋಡೋಣ. ಟಿಕೋಟೆ, ಬಬಲೇಶ್ವರಗಳ ಸುತ್ತಿನ ದ್ರಾಕ್ಷಿಯು ಬೇಸಗೆಯ ಬೆಳೆ. ಹಣ್ಣು ಕೊಯ್ದು, ನೆರಳಿನ ಚಪ್ಪರದ ಬಲೆಗಳ ಮೇಲೆ ಎರಡು ವಾರಗಳ ಮಟ್ಟಿಗೆ ಒಣಗಿಸಿದರೆ, ಸುಮಾರು ೪ ಕಿಲೋ ಹಸಿ ಹಣ್ಣಿಗೆ ೧ ಕಿಲೋ ಒಣದ್ರಾಕ್ಷಿ ಸಿಗುವದು. ಅದನ್ನು ಕೆಲವರು ವಿಜಯಪುರದ ಪೇಟೆಯಲ್ಲಿ, ಹಲವರು ಗಡಿಯಾಚೆ ಸಾಂಗಲಿ ಜಿಲ್ಲೆಯ ತಾಸಗಾಂವದಲ್ಲಿ ಮಾರುವರು. ಹಣ ಕೈಗೆ ಬರುವದು ಹೀಗೆ ಬೇಸಗೆಯ ಅಂಚಿನಲ್ಲಿ. ದಸರೆಯ ಹೊತ್ತಿಗೋ ಅಕ್ಟೋಬರದ ಚಾಟ್ನಿ, ಎಂದರೆ ಫಲಕ್ಕಾಗಿ ಬಳ್ಳಿ ಕತ್ತರಿಸುವ ಕೆಲಸ, ಬಾಗಿಲಿಗೆ ಬಂದು ನಿಲ್ಲುವದು. ಕೂಲಿ, ಗೊಬ್ಬರ, ಸಿಂಪಡಿಸುವ ಔಷಧ ಇವೆಲ್ಲ ಆಗಲೇ ಬೇಕು. ಅಂದರೆ ಮುಹೂರ್ತ ಶುಭವಾಗಿರುವ ತಿಂಗಳಲ್ಲಿಯೇ ಪೆಟ್ಟಿಗೆ ಬರಿದಾಗಿರುವದು. ಬರಿದಾದ ಪೆಟ್ಟಿಗೆಯು ಸಾಲದ ಮಾತಿಗೆ ಬೇಗನೆ ಕಿವಿಗೊಡುವದು.

ನಮ್ಮ ತಂಗಿಯ ಮಗನ ಮನೆಯು ಈ ಭಾಗದ ಒಂದು ತೋಟದಲ್ಲಿದೆ. ಮೂರು ಎಕರೆ ದ್ರಾಕ್ಷಿ. ಉಳಿದ ಹೊಲದಲ್ಲಿ ಜೋಳ, ತೊಗರಿ, ಕಾಯಿಪಲ್ಯೆ. ಹಿತ್ತಿಲಲ್ಲಿ ಎರಡು ಎಮ್ಮೆ. ೨೦೨೫ ರ ನವರಾತ್ರಿಯಲ್ಲಿ ಅವನು ಲಾರಿ ಕೊಳ್ಳುವ ಸಂಕಲ್ಪ ಮಾಡಿ, ಕಾಗದಪತ್ರ ಓದಬಲ್ಲವರೆಂದು ನಮ್ಮನ್ನು ಜೊತೆಗೆ ಕರೆದನು. ಅವನ ಅಂಗಿಯ ಕಿಸೆಯಲ್ಲಿ ಎರಡು ಚೀಟಿಗಳಿದ್ದವು. ಒಂದರಲ್ಲಿ ಮೂರು ಅಂಗಡಿಗಳ ಲಾರಿಯ ಬೆಲೆಗಳು. ಇನ್ನೊಂದರಲ್ಲಿ ಹೆಂಡತಿ ಬರೆದುಕೊಟ್ಟ ಬೆಲ್ಲ, ಪುಟಾಣಿ, ಒಳ್ಳೆಣ್ಣೆ, ಸುಣ್ಣದ ಕುಂಚ. ಮಧ್ಯಾಹ್ನದ ವರೆಗೆ ಮೊದಲನೆಯ ಚೀಟಿಯೇ ಕೈಯಲ್ಲಿ ಉಳಿಯಿತು; ಎರಡನೆಯದನ್ನು ನೆನಪಿಸಲಿಕ್ಕೆ ಮನೆಯಿಂದ ಎರಡು ಸಲ ದೂರವಾಣಿ ಬಂತು. ಮೂರನೆಯ ಅಂಗಡಿಯಲ್ಲಿ ಮಾತು ಪಕ್ಕಾ ಆಗುವ ಹಂತಕ್ಕೆ ಬಂದಿತು. ದೊಡ್ಡ ಲಾರಿ; ಸಾಲಕ್ಕೆ ದ್ರಾಕ್ಷಿಯ ತೋಟದ ಕಾಗದಗಳೇ ಆಧಾರ; ಮನೆಯಾಕೆಯೂ ಸಹಿ ಹಾಕಬೇಕು. "ಅಕ್ಕನವರು ಬರುವ ತೊಂದರೆ ಯಾಕೆ? ಹಬ್ಬದ ಕೆಲಸ ಇರುತ್ತದೆ. ಕಾಗದಗಳನ್ನು ಮನೆಗೇ ಕಳಿಸುತ್ತೇವೆ, ಗುರುತು ಹಾಕಿದಲ್ಲಿ ಸಹಿ ಮಾಡಿದರೆ ಆಯಿತು" ಎಂದು ಅಂಗಡಿಯ ತರುಣನು ಬಹಳ ವಿನಯದಿಂದ ಹೇಳಿದನು.

ಈ ವಿನಯದಲ್ಲಿಯೇ ಅಪಾಯವಿರುವದೆಂದು ನಮಗೆ ಅನಿಸಿತು. ೧೮೭೨ ರ ಕರಾರಿನ ಕಾಯಿದೆಯ ೧೨೮ ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದು. ಸಹಸಾಲಗಾರಳಾಗಿ ಸಹಿ ಹಾಕಿದವಳ ಮಾತನ್ನಂತೂ ಹೇಳುವದೇ ಬೇಡ. ಹಿಟ್ಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಲೆಯ ಮೇಲಿನ ಎಣ್ಣೆ ಕಾದೀತೆಂಬ ಕಳವಳದಲ್ಲಿ ಅವಳು ಹಾಕುವ ಸಹಿಯು ನ್ಯಾಯಾಲಯದಲ್ಲಿ ಪೂರ್ಣ ಸಹಿಯೇ. ಮೂರು ಎಕರೆ ತೋಟವು ಅದರ ಮೇಲೆ ನಿಂತಿರುವದು. ಆದ್ದರಿಂದ ಅವಳು ಬಂದು ನೋಡಿ, ಓದಿ, ಕೇಳಿ ಸಹಿ ಮಾಡಲಿ ಎಂದು ನಾವು ಹಟ ಹಿಡಿದೆವು.

ಆದರೆ ಅವಳು ಬರುವದು ಹೇಗೆ? ಮನೆಯ ಕೆಲಸಗಳ ಪಟ್ಟಿಯನ್ನು ನಾವು ಕೂಡ್ರಿಸಿ ಬರೆಯಿಸಿದೆವು. ಒಟ್ಟು ಹತ್ತೊಂಬತ್ತು ಕೆಲಸಗಳಾದವು. ಹದಿನಾರರ ಮುಂದೆ ಅವಳ ಹೆಸರೇ. ಮರುದಿನ ಬೆಳಿಗ್ಗೆ ಅಳಿಯನು ತಾನೇ ಕೌದಿಗಳ ಗಂಟನ್ನು ಹೊತ್ತು ತೋಟದ ಹೊಂಡಕ್ಕೆ ಹೋಗಿ ಒಗೆದು ತಂದನು. ಹಿರಿಯ ಮಗನು ಸುಣ್ಣದ ಕುಂಚ ಹಿಡಿದನು. ಕಿರಿಯವಳು ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿದಳು. ನಮ್ಮ ತಂಗಿಯು ಒಲೆಯನ್ನು ವಹಿಸಿಕೊಂಡಳು. ಕೌದಿಗಳು ಹಿಂದಿನ ವರ್ಷಗಳಷ್ಟು ಬೆಳ್ಳಗಾಗಲಿಲ್ಲವೆಂಬ ಮಾತು ನಿಜ. ಆದರೆ ಸೊಸೆಗೆ ಒಂದು ಪೂರ್ಣ ಮಧ್ಯಾಹ್ನ ಸಿಕ್ಕಿತು. ಆ ಮಧ್ಯಾಹ್ನವೇ ಆ ಮನೆಯ ಹಬ್ಬದ ಅತ್ಯಂತ ಬೆಲೆಯುಳ್ಳ ವಸ್ತುವಾಯಿತು.

ಅವಳು ಬರುವಾಗ ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ವರ್ಷವಿಡೀ ಬಾಡಿಗೆಯ ಬಂಡಿಗೆ ಕೊಟ್ಟದ್ದನ್ನೆಲ್ಲ ತಾರೀಖು, ಹೊರೆ, ಹಣ ಎಂದು ಮೂರು ಸಾಲುಗಳಲ್ಲಿ ಅವಳು ಬರೆದಿಟ್ಟಿದ್ದಳು. ಮೇವು, ಗೊಬ್ಬರದ ಚೀಲ, ಪೇಟೆಗೆ ಹೋಗುವ ಕಾಯಿಪಲ್ಯೆ ಇವು ವಾರಕ್ಕೆ ಮೂರು ನಾಲ್ಕು ಸಲ. ಹೊರೆಯು ಒಂದು ಟನ್ನನ್ನು ಮೀರಿದ್ದು ಅಪರೂಪ. ಒಣದ್ರಾಕ್ಷಿ ಮಾತ್ರ ಹತ್ತು ಟನ್ನಿನಷ್ಟು; ಆದರೆ ಅದು ವರ್ಷಕ್ಕೆ ಎರಡು ಮೂರು ದಿನಗಳ ಸಾಗಾಟ. "ಮೂರು ದಿನದ ಹೊರೆಗೆ ಲಾರಿ ಬಾಡಿಗೆಗೆ ಸಿಗುತ್ತದೆ, ಮುನ್ನೂರು ದಿನದ ಹೊರೆಗೆ ನಮಗೆ ಎಷ್ಟು ದೊಡ್ಡದು ಬೇಕು?" ಎಂದು ಅವಳು ಕೇಳಿದಳು. ಅಂಗಡಿಯಲ್ಲಿ ಅದಕ್ಕೆ ಕೂಡಲೆ ಉತ್ತರ ಬರಲಿಲ್ಲ.

ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ವಾಚಕರು ಕಂಡಿರಬಹುದು. ೧೫೪೯ ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ಸುಮಾರು ೫೫ ಟನ್ ತೂಕದ್ದೆನ್ನುವ ಅದನ್ನು ಪರಾಂಡೆಯಿಂದ ಇಲ್ಲಿಗೆ ತರುವಾಗ ೪೦೦ ಎತ್ತುಗಳನ್ನೂ ೧೦ ಆನೆಗಳನ್ನೂ ಹೂಡಿದರೆಂದು ಹೇಳಿಕೆ. ಮೊದಲು ತೋಪಿನ ತೂಕ, ಆಮೇಲೆ ಎತ್ತಿನ ಸಂಖ್ಯೆ. ಇದು ಸಾಗಾಟದ ಹಳೆಯ ನಿಯಮ. ಎತ್ತುಗಳನ್ನು ಮೊದಲು ಕೊಂಡು ಆಮೇಲೆ ಎಳೆಯಲಿಕ್ಕೆ ತೋಪನ್ನು ಹುಡುಕುವವನು ಸಾಲದಲ್ಲಿ ಬೀಳುವನು.

ಸಣ್ಣ ಸರಕಿನ ಬಂಡಿಗಳು ಈಗ ಹೇರಳವಾಗಿರುವವು. ೨೦೦೫ ರಲ್ಲಿ ಬಂದು ಜನರ ಬಾಯಲ್ಲಿ 'ಛೋಟಾ ಹಾಥಿ' ಆದ ಟಾಟಾ ಏಸ್, ೨೦೧೧ ರಲ್ಲಿ ಬಂದ ಅಶೋಕ ಲೇಲ್ಯಾಂಡ್ ದೋಸ್ತ್, ಮಹೀಂದ್ರದ ಬೊಲೆರೊ ಪಿಕಪ್ ಇವೆಲ್ಲ ನಮ್ಮ ರಸ್ತೆಗಳಲ್ಲಿ ಪರಿಚಿತವಾದವು. ಇವುಗಳಲ್ಲಿ ಆರಿಸುವಾಗ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಬೇಕು. ಒಂದು, ಬಂಡಿಯು ಹೊರುವ ಭಾರ. ಇನ್ನೊಂದು, ಬಂಡಿ ಹೊರೆ ಎರಡೂ ಸೇರಿದ ಒಟ್ಟು ತೂಕ. ಕಾಯಿದೆಯು ನೋಡುವದು ಎರಡನೆಯದನ್ನು. ಒಟ್ಟು ತೂಕವು ೩,೦೦೦ ಕಿಲೋ ಮೀರದ ಸರಕಿನ ವಾಹನಕ್ಕೆ ಮೋಟಾರು ವಾಹನ ಕಾಯಿದೆಯ ೬೬ ನೆಯ ಕಲಮಿನಲ್ಲಿ ಪರವಾನಿಗೆಯ ಬಂಧನವಿಲ್ಲ; ಅದನ್ನು ಮೀರಿದರೆ ಪರವಾನಿಗೆ ಬೇಕು. ತಾಸಗಾಂವಕ್ಕೆ ಗಡಿ ದಾಟುವವರು ಇದನ್ನು ಮೊದಲೇ ಯೋಚಿಸತಕ್ಕದ್ದು. ನಡೆಸುವವನ ಲೈಸೆನ್ಸಿನ ಬಗ್ಗೆಯೂ ಬಹುದಿನ ಗೊಂದಲವಿತ್ತು. ಲಘು ವಾಹನದ ಲೈಸೆನ್ಸ್ ಇದ್ದವನು ಒಟ್ಟು ೭,೫೦೦ ಕಿಲೋದೊಳಗಿನ ಸಾರಿಗೆ ವಾಹನವನ್ನು ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೨೪ ರ ನವೆಂಬರದಲ್ಲಿ ನಿರ್ಣಯಿಸಿತು. ಹೊಸ ಬಂಡಿಗೆ ಮೊದಲ ಎರಡು ವರ್ಷ ಯೋಗ್ಯತಾ ಪ್ರಮಾಣಪತ್ರದ ಚಿಂತೆಯಿಲ್ಲ. ಆಮೇಲೆ ಎಂಟು ವರ್ಷ ತುಂಬುವ ವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ತಪಾಸಣೆ. ಇದರ ಖರ್ಚನ್ನೂ ವರ್ಷವರ್ಷದ ವಿಮೆಯನ್ನೂ ಬೆಲೆಯ ಚೀಟಿಯಲ್ಲಿ ಕಾಣಲಾಗದು. ಮನೆಯ ಪುಸ್ತಕದಲ್ಲಿ ನಾವೇ ಬರೆದುಕೊಳ್ಳಬೇಕು.

ಬಡ್ಡಿಯ ಮಾತು ಇದಕ್ಕೂ ಸೂಕ್ಷ್ಮವಾದದ್ದು. ಒಂದು ಕಡೆ ಶೇಕಡಾ ೭ ಎಂದರು, ಇನ್ನೊಂದು ಕಡೆ ೧೧ ಎಂದರು. ಏಳು ಹನ್ನೊಂದಕ್ಕಿಂತ ಸಣ್ಣದೆಂಬದು ಒಂದನೆಯ ಇಯತ್ತೆಯ ಪಾಠ. ಆದರೆ ಆ ಏಳು 'ಸಪಾಟು' ಬಡ್ಡಿ. ಅಸಲನ್ನು ತೀರಿಸುತ್ತ ಬಂದರೂ ಮೊದಲ ದಿನದ ಪೂರ್ಣ ಮೊತ್ತದ ಮೇಲೆಯೇ ಐದು ವರ್ಷ ಎಣಿಸುವದು. ೫ ಲಕ್ಷಕ್ಕೆ ಅದು ೧,೭೫,೦೦೦ ಬಡ್ಡಿಯಾಗಿ ತಿಂಗಳ ಕಂತು ೧೧,೨೫೦ ಆಗುವದು. ಉಳಿದ ಅಸಲಿನ ಮೇಲೆ ಮಾತ್ರ ಎಣಿಸುವ ೧೧ ರ ಬಡ್ಡಿಯಲ್ಲಿ ಕಂತು ಸುಮಾರು ೧೦,೮೭೦. ಐದು ವರ್ಷದಲ್ಲಿ 'ಏಳರ' ಸಾಲವೇ ೨೨,೦೦೦ ಕ್ಕೂ ಮಿಕ್ಕಿ ತುಟ್ಟಿ. ಅದರ ನಿಜವಾದ ದರ ಹನ್ನೆರಡೂವರೆಯಷ್ಟು. ಈ ಲೆಕ್ಕವನ್ನು ಗ್ರಾಹಕನೇ ಬಿಡಿಸಬೇಕಾಗಿಲ್ಲ. ರಿಜರ್ವ್ ಬ್ಯಾಂಕಿನ ಆಜ್ಞೆಯಂತೆ ೨೦೨೪ ರ ಅಕ್ಟೋಬರ್ ೧ ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಇಂಥ ಅವಧಿ ಸಾಲಗಳಿಗೆ, ಎಲ್ಲ ಖರ್ಚುಗಳನ್ನು ಕೂಡಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದು. ಅದನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ. ಮನೆಗೆ ತಂದು, ದೀಪದ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ ಒಬ್ಬರು ಓದಲಿ. ದ್ರಾಕ್ಷಿಯ ಹಣವು ವರ್ಷಕ್ಕೊಮ್ಮೆ ಬರುವ ಮನೆಗೆ ತಿಂಗಳ ಕಂತಿಗಿಂತ ಆರು ತಿಂಗಳ ಕಂತು ಹಿತ. ಅದು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಬೇಕು.

ಅಳಿಯನ ಮನೆಯವರು ಅಕ್ಟೋಬರ್ ೨ ರ ವಿಜಯದಶಮಿಯನ್ನು ಬಿಟ್ಟುಕೊಟ್ಟರು. ಆ ಸಂಜೆ ಬನ್ನಿ ಕೊಡಲಿಕ್ಕೆ ಬಂದ ಓರಗೆಯವರು "ಬಂಡಿ ಎಲ್ಲಿ?" ಎಂದು ಕೇಳಿದಾಗ ಅವನ ಮುಖ ಸಣ್ಣದಾದದ್ದನ್ನು ನಾವು ಕಂಡೆವು. ಇಪ್ಪತ್ತು ದಿನಗಳ ಮೇಲೆ ಬಲಿಪಾಡ್ಯಮಿಯಂದು, ಅರ್ಧ ಮುಹೂರ್ತದಲ್ಲಿ, ಒಂದೂಕಾಲು ಟನ್ ಹೊರುವ ಬಂಡಿಯು ಅಂಗಳಕ್ಕೆ ಬಂದಿತು. ತೋಟದ ಕಾಗದಗಳು ಮನೆಯ ಪೆಟ್ಟಿಗೆಯಲ್ಲಿಯೇ ಉಳಿದವು. ಬಂಡಿಯೇ ತನ್ನ ಸಾಲಕ್ಕೆ ಆಧಾರವಾಯಿತು. ಸಹಿ ಹಾಕಿದ ಸೊಸೆಗೆ ಪ್ರತಿ ಪುಟದಲ್ಲಿ ಏನಿದೆಯೆಂಬದು ಗೊತ್ತಿತ್ತು.

ಆದ್ದರಿಂದ ಗೃಹಸ್ಥರಲ್ಲಿ ನಮ್ಮ ಅರಿಕೆ ಇಷ್ಟೇ. ಹಬ್ಬಕ್ಕೆ ಒಂದು ತಿಂಗಳ ಮೊದಲೇ ಹೊರೆಯ ಲೆಕ್ಕ ಬರೆಯಿರಿ. ಹೊರೆ ತುಂಬಿಸಿ ಬಂಡಿಯನ್ನು ನಡೆಸಿ ನೋಡಿರಿ. ಬಡ್ಡಿಯ ಪತ್ರವನ್ನು ಓದಿರಿ. ಇವಕ್ಕೆಲ್ಲ ಬೇಕಾಗುವ ಬಿಡುವು ಮನೆಯಾಕೆಗೆ ಆಕಾಶದಿಂದ ಬೀಳದು; ಗಂಡಸರೂ ಮಕ್ಕಳೂ ಕುಂಚ, ಕೌದಿ, ಪಾತ್ರೆಗಳನ್ನು ಹಂಚಿಕೊಂಡಾಗ ಮಾತ್ರ ಹುಟ್ಟುವದು. ಯೋಗವನ್ನು ಒಬ್ಬರು, ಕ್ಷೇಮವನ್ನು ಇನ್ನೊಬ್ಬರು ಎಂದು ಪಾಲು ಮಾಡಿಕೊಂಡ ಮನೆಯಲ್ಲಿ ಹೊಸ ವಸ್ತು ಬಂದರೂ ನೆಮ್ಮದಿ ಬರುವದೆಂಬ ಭರವಸೆಯಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವ ಮುಂಚೆ ಕಾಗದದ ಮೇಲೆ ಎರಡು ಜೊತೆ ಕಣ್ಣುಗಳು ಓಡಾಡಿರಲಿ.