ಮೂರು ಕಿಲೋವ್ಯಾಟ್ ಎಂದರೆ ದಿನಕ್ಕೆಷ್ಟು ಯೂನಿಟ್?

ಸೌರಫಲಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇರುವ ವ್ಯಾಟ್ ಪ್ರಯೋಗಾಲಯದ ಅಳತೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿರುವಾಗ, ಸೌರಕೋಶದ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸಿಗುವ ಅಂಕಿ ಅದು. ಕರ್ನಾಟಕದ ತಾರಸಿಗಳ ಮೇಲೆ ಇವೆರಡೂ ಕೂಡಿಬರುವುದು ಅಪರೂಪ. ಹಾಗಾಗಿ ಮನೆಗೆ ನಿಜವಾಗಿ ಎಷ್ಟು ಯೂನಿಟ್ ಸಿಗುತ್ತದೆ ಎಂಬುದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಮೊದಲು ಬೇಕಾದದ್ದು ಊರಿನ ಬಿಸಿಲು. ಬೆಳಗಿನಿಂದ ಸಂಜೆಯವರೆಗೆ ಬಿದ್ದ ಬಿಸಿಲನ್ನೆಲ್ಲ ಕೂಡಿಸಿ, ಅದು 1000 ವ್ಯಾಟ್ ಬಿಸಿಲಿನ ಎಷ್ಟು ಗಂಟೆಗಳಿಗೆ ಸಮ ಎಂದು ನೋಡುತ್ತಾರೆ. ಬೆಂಗಳೂರಿನಲ್ಲಿ ಇದರ ವಾರ್ಷಿಕ ಸರಾಸರಿ ಸುಮಾರು 5ರಿಂದ 5.5 ಗಂಟೆ. ಹಗಲು ಹನ್ನೆರಡು ಗಂಟೆಯಿದ್ದರೂ ಲೆಕ್ಕಕ್ಕೆ ಸಿಗುವುದು ಇಷ್ಟೇ.

ಆಮೇಲೆ ನಷ್ಟದ ಲೆಕ್ಕ. ಬಿಸಿಲು ಸುಟ್ಟಷ್ಟೂ ಕರೆಂಟು ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿದ ಮೇಲೆ ಸಿಲಿಕಾನ್ ಫಲಕದ ಉತ್ಪಾದನೆ ಪ್ರತಿ ಡಿಗ್ರಿಗೆ ಸುಮಾರು ಶೇ 0.3ರಿಂದ 0.4ರಷ್ಟು ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕ 60 ಡಿಗ್ರಿಗೆ ಕಾದರೆ ಆ ಹೊತ್ತಿನ ಉತ್ಪಾದನೆಯಲ್ಲಿ ಶೇ 10ಕ್ಕೂ ಹೆಚ್ಚು ಕಳೆದುಹೋಗುತ್ತದೆ. ದೂಳು, ವೈರು, ಇನ್‌ವರ್ಟರ್‌ಗಳೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಮುಕ್ಕಾಲು ಭಾಗಕ್ಕಿಂತ ಕೊಂಚ ಹೆಚ್ಚು. 3 ಕಿಲೋವ್ಯಾಟ್‌ ವ್ಯವಸ್ಥೆಗೆ 5.2 ಗಂಟೆ ಬಿಸಿಲು, 0.77 ಉಳಿಕೆ ಎಂದಿಟ್ಟುಕೊಂಡು ಗುಣಿಸಿದರೆ ದಿನಕ್ಕೆ 12 ಯೂನಿಟ್, ವರ್ಷಕ್ಕೆ ಸುಮಾರು 4,400. ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಎಂಬ ಬಾಯಿಲೆಕ್ಕಕ್ಕೂ ಆಧಾರ ಇದೇ.

ಆದರೆ ಬಾಯಿಲೆಕ್ಕ ಹೇಳುವುದು ವರ್ಷದ ಸರಾಸರಿಯನ್ನು. ಬಿಲ್ಲು ಬರುವುದು ತಿಂಗಳಿಗೊಮ್ಮೆ. ಫೆಬ್ರವರಿ, ಮಾರ್ಚ್‌ನಲ್ಲಿ ಸರಾಸರಿಯನ್ನು ಮೀರುವ ಉತ್ಪಾದನೆ ಜುಲೈನಲ್ಲಿ ತಗ್ಗುತ್ತದೆ, ಮಂಗಳೂರಿನಂಥ ಕರಾವಳಿ ಊರಲ್ಲಂತೂ ತೀರಾ ಕುಸಿಯುತ್ತದೆ. ಗ್ಲೋಬಲ್ ಸೋಲಾರ್ ಅಟ್ಲಾಸ್, ಪಿವಿಜಿಐಎಸ್‌ನಂಥ ಉಚಿತ ಆನ್‌ಲೈನ್ ಸಾಧನಗಳಲ್ಲಿ ಊರನ್ನು ಗುರುತಿಸಿದರೆ ತಿಂಗಳುವಾರು ಅಂದಾಜೂ ಸಿಗುತ್ತದೆ.

ಇಂಥ ಸಾಧನಗಳಿಗೆ ಕಾಣದೆ ಉಳಿಯುವುದು ಪಕ್ಕದ ತೆಂಗಿನಮರ, ತಾರಸಿಯ ಸಿಂಟೆಕ್ಸ್ ಟ್ಯಾಂಕ್. ಫಲಕಗಳನ್ನು ವಿದ್ಯುತ್ ಸರಣಿಯಲ್ಲಿ ಜೋಡಿಸಿರುವುದರಿಂದ ಒಂದರ ಮೂಲೆಗೆ ಬಿದ್ದ ನೆರಳಿನಿಂದ ಆಗುವ ನಷ್ಟ ಆ ಮೂಲೆಯ ಅಳತೆಗಿಂತ ದೊಡ್ಡದಾಗಿರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಎಲ್ಲೆಲ್ಲಿ ಸರಿಯುತ್ತದೆ ಎಂದು ನೋಡಿಯೇ ಜಾಗ ಗೊತ್ತುಮಾಡಬೇಕು. ಇಳಿಜಾರಿನ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ದಕ್ಷಿಣಕ್ಕೆ ಮುಖಮಾಡಿ, ಬೆಂಗಳೂರಿನ ಅಕ್ಷಾಂಶವಾದ 13 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು.

ಕರೆಂಟ್ ಹೋಗುವ ಹೊತ್ತನ್ನೂ ಅಂದಾಜಿನಿಂದ ಕಳೆಯಬೇಕು. ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆ ಆಗ ತಾನೇ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಈ ಏರ್ಪಾಡು. ಫಲಕಗಳಿಗೂ ವಯಸ್ಸಾಗುತ್ತದೆ. ವರ್ಷಕ್ಕೆ ಸುಮಾರು ಶೇ 0.5ರಷ್ಟು ಇಳಿಕೆ ಸಹಜ. ಇನ್‌ವರ್ಟರ್ ತೋರಿಸುವ ಅಂಕಿ ಇದನ್ನೆಲ್ಲ ಕಳೆದ ಅಂದಾಜಿಗಿಂತಲೂ ತೀರಾ ಕೆಳಗೆ ಬಂದರೆ ಮೊದಲು ಫಲಕಗಳನ್ನು ತೊಳೆದು ನೋಡಬೇಕು, ಆಮೇಲೆ ಮೆಕ್ಯಾನಿಕ್‌ನನ್ನು ಕರೆಯಬೇಕು.