ಹೆಸರಿನಲ್ಲಿ ಐಸ್‌ಕ್ರೀಮು, ಹೂವಿನಲ್ಲಿ ಗಾಂಜಾ

ಜೆಲಾಟೊ, ವೆಡ್ಡಿಂಗ್ ಕೇಕ್, ಸನ್‌ಸೆಟ್ ಶರ್ಬೆಟ್, ಥಿನ್ ಮಿಂಟ್ ಕುಕೀಸ್... ಓದುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ. ಯಾವುದೋ ದೊಡ್ಡ ಬೇಕರಿಯ ಬೆಲೆಪಟ್ಟಿ ಎಂದುಕೊಂಡರೆ ಅದು ನಿಮ್ಮ ತಪ್ಪಲ್ಲ. ಇವೆಲ್ಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೆಸರು ಮಾಡಿದ ಗಾಂಜಾ ತಳಿಗಳು. ಇವುಗಳಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ. ಇರುವುದು ಒಣಗಿಸಿದ ಹೂವು ಮಾತ್ರ.

ಈ ಹೆಸರುಗಳು ಇಂದು ಹಾಡುಗಳ ಮೂಲಕ, ಮೊಬೈಲಿನ ಮೂಲಕ ನಮ್ಮ ಮಕ್ಕಳ ಕಿವಿಗೂ ಬೀಳುತ್ತಿವೆ. ಹೊರದೇಶಕ್ಕೆ ಓದಲು ಹೋದವರಿಗಂತೂ ಅಂಗಡಿಯ ಫಲಕದಲ್ಲೇ ಎದುರಾಗುತ್ತವೆ. ಹೆಸರೇನೋ ಮೃದುವಾಗಿದೆ. ಸರಕೂ ಹಾಗೆಯೇ ಇದೆಯೆ?

ಮೂವತ್ಮೂರನೆಯ ಸಸಿ

ಜೆಲಾಟೊ ಎಂದರೆ ಇಟಲಿಯ ಐಸ್‌ಕ್ರೀಮು. ಆ ಹೆಸರಿನ ಗಾಂಜಾ ಹುಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೊ ಪ್ರದೇಶದಲ್ಲಿ. ಸನ್‌ಸೆಟ್ ಶರ್ಬೆಟ್ ಮತ್ತು ಥಿನ್ ಮಿಂಟ್ ಕುಕೀಸ್ ಇದರ ತಂದೆತಾಯಿ. ಥಿನ್ ಮಿಂಟ್ ಎಂಬುದು ಅಮೆರಿಕದ ಗರ್ಲ್ ಸ್ಕೌಟ್ ಬಾಲಕಿಯರು ಮಾರುವ ಬಿಸ್ಕತ್ತಿನ ಹೆಸರು! ಮಕ್ಕಳ ತಿಂಡಿಯ ಹೆಸರು ಗಾಂಜಾಕ್ಕೆ ಅಂಟಿಕೊಂಡದ್ದು ಹೀಗೆ.

ಹೈಬ್ರಿಡ್ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. ಹತ್ತಿ, ಟೊಮೆಟೊಗಳಲ್ಲಿ ನೋಡಿದ್ದೇವೆ. ಎರಡು ತಳಿ ಕೂಡಿಸಿ ಪಡೆದ ಬೀಜ ಬಿತ್ತಿದಾಗ ಒಂದೊಂದು ಸಸಿಯೂ ಒಂದೊಂದು ಬಗೆಯಾಗಿ ಬರಬಹುದು. ಬೆಳೆಗಾರರು ಅವಕ್ಕೆ ಸಂಖ್ಯೆ ಕೊಟ್ಟು, ಮೆಚ್ಚಿಗೆಯಾದದ್ದನ್ನು ದಾಸವಾಳದ ಕಡ್ಡಿ ನೆಟ್ಟಂತೆ ಕಡ್ಡಿಯಿಂದಲೇ ಹೆಚ್ಚಿಸುತ್ತಾರೆ. ಜೆಲಾಟೊದಲ್ಲಿ ಹೆಸರು ಮಾಡಿದ್ದು 33ನೇ ಸಂಖ್ಯೆಯದು. ಅದೇ ಸಂಖ್ಯೆಯ ಅಂಗಿ ತೊಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಲ್ಯಾರಿ ಬರ್ಡ್ ಹೆಸರೂ ಅದಕ್ಕೆ ಅಂಟಿತು.

ಆದರೆ ಈ ನಾಮಕರಣಕ್ಕೆ ಪಂಚಾಂಗವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಉತ್ತರ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಅಂಗಡಿಗಳಿಂದ ತಂದ ಗಾಂಜಾ ಮಾದರಿಗಳ ವಂಶವಾಹಿಗಳನ್ನು ಹೋಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಒಂದೇ ಹೆಸರಿನ ಎಷ್ಟೋ ಮಾದರಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಚೀಟಿಯಲ್ಲಿ ಜೆಲಾಟೊ ಎಂದಿದ್ದ ಮಾತ್ರಕ್ಕೆ ಒಳಗಿರುವುದು ಜೆಲಾಟೊ ಎಂದು ನಂಬುವಂತಿಲ್ಲ.

ಪರಿಮಳ ಬೇರೆ, ಪೆಟ್ಟು ಬೇರೆ

ಹಾಗಿದ್ದರೆ ಸಿಹಿವಾಸನೆ ಸುಳ್ಳೆ? ಸುಳ್ಳಲ್ಲ. ಗಾಂಜಾ ಹೂವಿನ ಮೇಲೆ ಬಹಳ ಸಣ್ಣ ಗ್ರಂಥಿಗಳಿವೆ. ಅವು ಟರ್ಪೀನ್ ಎಂಬ ಪರಿಮಳ ವಸ್ತುಗಳನ್ನು ತಯಾರಿಸುತ್ತವೆ. ಕಿತ್ತಳೆ ಸಿಪ್ಪೆಯ ಲಿಮೋನಿನ್, ಕರಿಮೆಣಸಿನ ಕ್ಯಾರಿಯೋಫಿಲಿನ್, ಕೊತ್ತಂಬರಿ ಬೀಜದ ಲಿನಲೂಲ್ ಎಲ್ಲವೂ ಈ ಗುಂಪಿನವೇ. ನಮ್ಮ ಸಾಂಬಾರ ಡಬ್ಬಿಯ ನೆಂಟರೇ ಅಲ್ಲಿಯೂ ಇದ್ದಾರೆ! ಇವುಗಳ ಜೊತೆಗೆ ಹಣ್ಣಿನ ವಾಸನೆಯ ಎಸ್ಟರ್‌ಗಳು, ಗಂಧಕವುಳ್ಳ ಸಂಯುಕ್ತಗಳು ಅತ್ಯಲ್ಪ ಪ್ರಮಾಣದಲ್ಲಿದ್ದು ತಳಿತಳಿಗೂ ಬೇರೆ ವಾಸನೆ ತರುತ್ತವೆ ಎಂದು 2023ರ ಸಂಶೋಧನೆಯೊಂದು ತೋರಿಸಿತು.

ಗಮನಿಸಬೇಕಾದದ್ದು ಇಲ್ಲಿದೆ. ಅಮಲೇರಿಸುವ ಟಿಎಚ್‌ಸಿ ಎಂಬ ವಸ್ತುವಿಗೆ ವಾಸನೆಯೇ ಇಲ್ಲ. ಕೇಕಿನ ಪರಿಮಳ ಮೂಗಿಗೆ, ಟಿಎಚ್‌ಸಿ ಪೆಟ್ಟು ಮಿದುಳಿಗೆ. ಒಂದನ್ನು ಮೂಸಿ ಇನ್ನೊಂದನ್ನು ಅಳೆಯಲಾಗದು.

ಆ ಪೆಟ್ಟು ವರ್ಷದಿಂದ ವರ್ಷಕ್ಕೆ ಬಿರುಸಾಗಿದೆ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇಕಡ 4ರಷ್ಟಿತ್ತು. 2014ರ ಹೊತ್ತಿಗೆ ಅದು ಶೇಕಡ 12ಕ್ಕೆ ಮುಟ್ಟಿತು. ಇಂದು ಅಂಗಡಿಯ ಜೆಲಾಟೊ ಚೀಟಿಯ ಮೇಲೆ 20ಕ್ಕಿಂತ ಹೆಚ್ಚಿನ ಅಂಕಿ ಇರುವುದು ಸಾಮಾನ್ಯ. ‘ನಮ್ಮ ಕಾಲದಲ್ಲೂ ಇತ್ತಪ್ಪ, ಏನಾಯಿತು?’ ಎನ್ನುವ ಹಿರಿಯರು ಈ ಲೆಕ್ಕ ನೋಡಬೇಕು.

ಆನಂದದ ಕೀಲಿ

ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುವ ಒಂದು ವಸ್ತುವನ್ನು 1992ರಲ್ಲಿ ಇಸ್ರೇಲಿನ ರಾಫೆಲ್ ಮೆಕೋಲಮ್ ಅವರ ತಂಡ ಪತ್ತೆ ಮಾಡಿತು. ಸಂಸ್ಕೃತದ ಆನಂದ ಪದದಿಂದ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಟಿಎಚ್‌ಸಿ ಹೊಕ್ಕುವುದು ಇದೇ ಆನಂದಮೈಡಿನ ಬೀಗಕ್ಕೆ, ಕಳ್ಳಕೀಲಿಯಂತೆ. ನೆನಪು, ಗಮನ, ಸಮಯದ ಅರಿವು ಎಲ್ಲವೂ ಏರುಪೇರಾಗುತ್ತವೆ. ಮನುಷ್ಯನ ಮಿದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಪಿಯುಸಿ, ಪದವಿ ಓದುವ ವಯಸ್ಸು ಅದರ ಒಳಗೇ ಬರುತ್ತದೆ.

ಯೂರೋಪ್ ಮತ್ತು ಬ್ರೆಜಿಲಿನ ಹನ್ನೊಂದು ಸ್ಥಳಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಶೇಕಡ 10 ಅಥವಾ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ‘ಪ್ರಬಲ’ ಎಂದು ಕರೆಯಿತು. ಅಂಥದನ್ನು ದಿನವೂ ಸೇದುವವರಲ್ಲಿ, ಎಂದೂ ಸೇದದವರಿಗಿಂತ, ಸೈಕೋಸಿಸ್ ಎಂಬ ಮನೋವಿಕಾರದ ಸಂಭವ ಸುಮಾರು ಐದು ಪಟ್ಟು ಕಂಡುಬಂತು. ಸೇದಿದವರೆಲ್ಲ ಹುಚ್ಚರಾಗುತ್ತಾರೆ ಎಂದು ಇದರ ಅರ್ಥವಲ್ಲ. ಆದರೆ ಆ ಚೀಟಿ ಯಾರ ಪಾಲಿಗೆ ಬರುತ್ತದೆಂದು ಮೊದಲೇ ಹೇಳಬಲ್ಲವರಿಲ್ಲ.

ಕಾನೂನಿಗೆ ಸಿಹಿ ಗೊತ್ತಿಲ್ಲ

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ 21 ವರ್ಷ ದಾಟಿದವರಿಗೆ ಅಂಗಡಿಯಲ್ಲಿ ಮಾರಾಟವಿದೆ. ಆದರೂ ವೀಸಾ ನೀಡುವುದು ಅಮೆರಿಕದ ಕೇಂದ್ರ ಸರ್ಕಾರ. ಅದರ ಕಾನೂನಿನಲ್ಲಿ ಗಾಂಜಾ ಇನ್ನೂ ನಿಯಂತ್ರಿತ ವಸ್ತು. ರಾಜ್ಯದ ಅನುಮತಿ ನಂಬಿದ ವಿದೇಶಿ ವಿದ್ಯಾರ್ಥಿಯ ವೀಸಾಕ್ಕೇ ಕುತ್ತು ಬರಬಹುದು. 2022ರಲ್ಲಿ ಬಾಗಿಲು ತೆರೆದಿದ್ದ ಥಾಯ್ಲೆಂಡ್ 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಬಿಗಿ ಮಾಡಿತು.

ನಮ್ಮಲ್ಲಂತೂ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಗಿಡದ ಹೂತೆನೆ ಎಂದರೆ ಗಾಂಜಾ. ಅದನ್ನು ಜೆಲಾಟೊ ಎನ್ನಿ, ಹೋಳಿಗೆ ಎನ್ನಿ, ಕಲಂ ಒಂದೇ. ಒಂದು ಕಿಲೋವರೆಗಿನ ‘ಅಲ್ಪ ಪ್ರಮಾಣ’ಕ್ಕೂ ಒಂದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೆಳೆಯ ಕೊಟ್ಟ ಪೊಟ್ಟಣವನ್ನು ಚೀಲದಲ್ಲಿ ಇಟ್ಟುಕೊಂಡವರೂ ಈ ಲೆಕ್ಕಕ್ಕೆ ಸೇರುತ್ತಾರೆ.

ಮಗನೋ ಮಗಳೋ ಆಗಲೇ ಸಿಕ್ಕಿಬಿದ್ದಿದ್ದರೆ? ಪೊಲೀಸರ ಭಯಕ್ಕೆ ಬಚ್ಚಿಡುವುದು ದಾರಿಯಲ್ಲ. ಸ್ವಇಚ್ಛೆಯಿಂದ ಮಾನ್ಯ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡಲು ಅದೇ ಕಾಯ್ದೆಯ 64ಎ ಕಲಂ ಅವಕಾಶ ಇಟ್ಟಿದೆ. 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಅದಕ್ಕೂ ಮೊದಲು ಮನೆಯಲ್ಲಿ ಒಂದು ಮಾತುಕತೆ ನಡೆಯಲಿ. ‘ಜೆಲಾಟೊ ಅಂದರೆ ಏನು?’ ಎಂದು ಮಕ್ಕಳು ಕೇಳಿದಾಗ ಗದರಬೇಡಿ. ಐಸ್‌ಕ್ರೀಮಿನ ಕಥೆಯನ್ನೂ ಹೇಳಿ, ಹೂವಿನ ಕಥೆಯನ್ನೂ ಹೇಳಿ. ಅರ್ಧ ಗೊತ್ತಿದ್ದವರೇ ಹೆಸರಿಗೆ ಮರುಳಾಗುವುದು.