ಎಷ್ಟನೇ ಸೆಕೆಂಡಿಗೆ ನಗು ಬಂತು?

ಮೂರು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದು, ಕಣ ಗುಡಿಸಿ ಜಗಲಿಯಲ್ಲಿ ಕೂತಿದ್ದೆ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಹುಡುಗನೊಬ್ಬ ಬೈಕಿನಲ್ಲಿ ಬಂದ. ಹಿಂದಿನ ವಾರ ಅವನೂ ಅವನ ಸ್ನೇಹಿತರೂ ಮೊಬೈಲಿನಲ್ಲಿ ತೆಗೆದ ಆರು ನಿಮಿಷದ ಹಾಸ್ಯಚಿತ್ರವೊಂದನ್ನು ನನಗೆ ಕಳಿಸಿದ್ದರು. ನಾನು ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಕಳಿಸಿದ್ದೆ. ಅದನ್ನೇ ಹಿಡಿದುಕೊಂಡು ಬಂದಿದ್ದ.

“ಟೀಚರೇ, ನಿಮಗೆ ನಗು ಬಂದದ್ದು ಎಲ್ಲಿ?”

ನನಗೆ ತಟ್ಟನೆ ಹೇಳಲಾಗಲಿಲ್ಲ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಬಿಡಲೂ ಇಲ್ಲ. “ಎಲ್ಲರೂ ಸೂಪರ್ ಅಂತಾರೆ. ಆ ಸೂಪರ್ ಇಟ್ಕೊಂಡು ಎಂತ ಮಾಡೋದು? ಮುಂದಿನದ್ದಕ್ಕೆ ಎಂತ ತಿದ್ದಬೇಕು ಅಂತ ಗೊತ್ತಾಗೂದಿಲ್ಲಲ್ಲ” ಎಂದ.

ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಯಾವ ಮಗುವಿನ ಪ್ರಬಂಧವನ್ನೂ ಬರೀ ‘ಚೆನ್ನಾಗಿದೆ’ ಎಂದು ವಾಪಸು ಕೊಟ್ಟವಳಲ್ಲ. ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದಿಟ್ಟೆ. ಈಗ ಒಂದೊಂದು ಚಿತ್ರಕ್ಕೆ ಒಂದೊಂದು ಪುಟ. ಎಡಗಡೆ ನಿಮಿಷ, ಸೆಕೆಂಡು. ಬಲಗಡೆ ಅಲ್ಲಿ ಏನಾಯಿತು ಎನ್ನುವುದು.

ಕಳಸ, ಸಂಸೆ, ಹೊರನಾಡು, ಈ ಕಡೆ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ ಸುತ್ತಿನಿಂದ ನನಗೆ ಚಿತ್ರಗಳು ಬರುತ್ತವೆ. ಮಾಡುವವರು ಜೀಪಿನ ಡ್ರೈವರ್‌ಗಳು, ಹೋಂಸ್ಟೇಯಲ್ಲಿ ಕೆಲಸಕ್ಕಿರುವವರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಘಟ್ಟದ ಕೆಳಗೆ ಡಿಗ್ರಿ ಓದಿ ರಜೆಗೆ ಮನೆಗೆ ಬರುವ ಹುಡುಗ ಹುಡುಗಿಯರು. ಅವರ ಶೂಟಿಂಗಿಗೂ ನಮ್ಮ ತೋಟದ ಕೆಲಸದ ಹಾಗೆ ಕಾಲ ಇದೆ. ನವೆಂಬರಿನಿಂದ ಕೊಯ್ಲು, ಯಾರಿಗೂ ಪುರಸೊತ್ತಿಲ್ಲ. ಜೂನ್ ಹತ್ತಿದರೆ ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಮೈಕಿಗೆ ಏನು ಕೇಳೀತು? ಹಾಗಾಗಿ ಹೆಚ್ಚಿನ ಚಿತ್ರಗಳು ಹುಟ್ಟುವುದು ಮಾರ್ಚಿನಿಂದ ಮೇ ಒಳಗೆ. ಆಗಲೂ ಕಾಫಿ ತೋಟದ ಒಳಗೆ ನೆರಳಿನ ಮರಗಳ ಕೆಳಗೆ ನಾಲ್ಕೂವರೆಗೆಲ್ಲ ಬೆಳಕು ಕುಂದಿ ಮೊಬೈಲಿಗೆ ಮುಖ ಕಾಣುವುದಿಲ್ಲ. ನಡುವೆ ಜೀರುಂಡೆ ಕೂಗಿದರೆ ಅರ್ಧ ಸಂಭಾಷಣೆ ಹೋಯಿತು. ಇದನ್ನೆಲ್ಲ ತಿಳಿದೇ ನಾನು ನೋಡಲು ಕೂರುತ್ತೇನೆ. ಮಸುಕಾದ ಚಿತ್ರಕ್ಕೆ ನಾನು ಅಂಕ ಕಳೆಯುವುದಿಲ್ಲ. ಕೇಳಿಸದ ಮಾತಿಗೆ ಕಳೆಯುತ್ತೇನೆ. ಹಾಸ್ಯದ ಕೊನೇ ಪದ ಕಿವಿಗೆ ಬೀಳದಿದ್ದರೆ ಅದರ ಹಿಂದಿನ ಶ್ರಮವೆಲ್ಲ ಹೊಳೆಗೆ ಹೋದಂತೆ.

ಪ್ರತಿ ಚಿತ್ರವನ್ನೂ ಮೂರು ಸಲ ನೋಡುತ್ತೇನೆ. ಮೊದಲನೇ ಸಲ ಜನರ ಜೊತೆ. ನಮ್ಮ ಕಣದಲ್ಲಿ ಎರಡು ಕಂಬಕ್ಕೆ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದ ಮನೆಯವರನ್ನೂ ತೋಟದ ಕೆಲಸದವರಾದ ಲೈನಿನವರನ್ನೂ ಕರೆದು ತೋರಿಸುತ್ತೇವೆ. ಆಗ ನಾನು ಪಂಚೆಯ ಕಡೆ ತಿರುಗುವುದೇ ಇಲ್ಲ, ಕೂತವರ ಮುಖ ನೋಡಿ ಸಮಯ ಬರೆದುಕೊಳ್ಳುತ್ತೇನೆ. ಎರಡನೇ ಸಲ ಒಬ್ಬಳೇ, ಸೌಂಡ್ ಪೂರ್ತಿ ತೆಗೆದು. ಮೂರನೇ ಸಲ ಫೋನು ಬೋರಲು ಹಾಕಿ, ಬರೀ ಕಿವಿಯಿಂದ.

ಸೌಂಡ್ ತೆಗೆದು ನೋಡುವುದು ಯಾಕೆ ಎಂದು ಹುಡುಗರು ಕೇಳುತ್ತಾರೆ. ಅವರಿಗೆ ನಾನು ಸಿನಿಮಾದ ಮೊದಮೊದಲ ಹಾಸ್ಯವನ್ನು ತೋರಿಸುತ್ತೇನೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆ ಎಂಬ ಕಾಫಿ ಹೋಟೆಲಿನ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಹತ್ತು ಚಿತ್ರ ತೋರಿಸಿದರು. ಒಂದೊಂದೂ ಒಂದು ನಿಮಿಷದೊಳಗಿನದು. ಅದರಲ್ಲೊಂದರಲ್ಲಿ ಮಾಲಿಯೊಬ್ಬ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪು ತುಳಿಯುತ್ತಾನೆ. ನೀರು ನಿಂತಿತಲ್ಲ ಎಂದು ಮಾಲಿ ಪೈಪಿನ ಬಾಯಿಗೆ ಮುಖ ಒಡ್ಡಿದ ಹೊತ್ತಿಗೆ ಹುಡುಗ ಕಾಲೆತ್ತುತ್ತಾನೆ. ಮುಖಕ್ಕೆ ನೀರು. ಮಾಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಕ್ಯಾಮೆರಾ ನಿಂತಲ್ಲಿಂದ ಕದಲುವುದಿಲ್ಲವಾದ್ದರಿಂದ ಹುಡುಗನನ್ನು ಅದರ ಎದುರಿಗೇ ಎಳೆದು ತಂದು ಬಾರಿಸುತ್ತಾನೆ! ಇಷ್ಟೇ. ಒಂದು ಮಾತಿಲ್ಲ. ನೂರಮೂವತ್ತು ವರ್ಷವಾದ ಮೇಲೂ ನಮ್ಮ ಕಣದಲ್ಲಿ ಕೂತ ಮಕ್ಕಳು ಅದಕ್ಕೆ ಬಿದ್ದು ಬಿದ್ದು ನಗುತ್ತಾರೆ. ನಗುವುದಕ್ಕೆ ಕಾರಣವೂ ಸರಳ: ಮಾಲಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ಮುಂದೆ ಆಗುವುದನ್ನು ನಾವು ಕಾಯುತ್ತಿದ್ದೇವೆ.

ಇದನ್ನು ನೋಡುವ ಮೊದಲೇ ಬಣಕಲ್ ಕಡೆಯ ಹುಡುಗರು ಅದೇ ಹಾಸ್ಯವನ್ನು ತಾವಾಗಿ ಕಂಡುಹಿಡಿದಿದ್ದರು ಎಂದರೆ ನಂಬುತ್ತೀರಾ? ಮಾರ್ಚಿನಲ್ಲಿ ಹೂವಿನ ಮಳೆ ಬಾರದೆ ತೋಟಕ್ಕೆ ನೀರು ಹಾರಿಸುವ ಜೆಟ್ ಇಟ್ಟಿದ್ದಾರೆ. ಕರೆಂಟು ಹೋಗುತ್ತದೆ, ಜೆಟ್ ನಿಲ್ಲುತ್ತದೆ. ಇಸ್ತ್ರಿ ಅಂಗಿ ಹಾಕಿಕೊಂಡು ಪೇಟೆಗೆ ಹೊರಟ ರೈಟರು ಹತ್ತಿರ ಹೋಗಿ ಬಗ್ಗಿ ನೋಡುತ್ತಾನೆ. ಕರೆಂಟು ಬಂದ ಕೂಡಲೇ ಪಂಪನ್ನು ತಾನಾಗಿ ಹೊರಡಿಸುವ ಆಟೋ ಸ್ಟಾರ್ಟರ್ ಇದೆ ಎಂದು ನಮಗೆ ಮೊದಲೇ ತೋರಿಸಿದ್ದಾರೆ. ಪೈಪು ತುಳಿಯುವ ತುಂಟ ಹುಡುಗನ ಜಾಗದಲ್ಲಿ ನಮ್ಮ ಕರೆಂಟು! ಎಷ್ಟು ಚಂದದ ಯೋಚನೆ. ನೋಟ್‌ಬುಕ್ಕಿನಲ್ಲಿ ಆ ಪುಟದ ತುಂಬ ಮೆಚ್ಚುಗೆಯನ್ನೇ ಬರೆದೆ. ಒಂದೇ ಒಂದು ತಕರಾರು: ನೀರು ಹಾರುವ ಗಳಿಗೆಯಲ್ಲಿ ಕ್ಯಾಮೆರಾ ಅವನ ಮುಖದ ಹತ್ತಿರ ಓಡಿತ್ತು. ಆಳು ಪೂರ್ತಿ ಕಾಣಬೇಕಿತ್ತು. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ನನ 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಮಾಳಿಗೆಯ ಕಿಟಕಿಯ ಕಿಂಡಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದು ಅವನು ಉಳಿಯುತ್ತಾನೆ. ದೂರದಿಂದ, ಗೋಡೆಯೂ ಮನುಷ್ಯನೂ ಒಟ್ಟಿಗೆ ಕಾಣುವ ಹಾಗೆ ತೆಗೆದದ್ದರಿಂದಲೇ ಅದು ನಮ್ಮನ್ನು ಅಷ್ಟು ಹಿಡಿದಿಡುತ್ತದೆ. ಬೀಳುವುದು, ಜಾರುವುದು, ನೆನೆಯುವುದು, ಇವಕ್ಕೆಲ್ಲ ಸುತ್ತಲಿನ ಜಾಗ ಬೇಕು.

ನನಗೆ ಸಿಟ್ಟು ಬಂದದ್ದೂ ಇದೆ. ಒಂದು ಚಿತ್ರದಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವನೊಬ್ಬನ ಕನ್ನಡವನ್ನು ಐದು ನಿಮಿಷ ಆಡಿಕೊಂಡಿದ್ದರು. ಕಣದಲ್ಲಿ ಅದು ಓಡುವಾಗ ಮುಂದಿನ ಸಾಲಿನಲ್ಲಿ ಒಂದಿಷ್ಟು ಜನ ನಕ್ಕರು. ಹಿಂದೆ ಕೂತಿದ್ದ ಲೈನಿನವರು ನೆಲ ನೋಡುತ್ತಿದ್ದರು. ನಾನು ಎರಡನ್ನೂ ಬರೆದುಕೊಂಡೆ, ಹುಡುಗರಿಗೆ ಎರಡನ್ನೂ ಓದಿ ಹೇಳಿದೆ. “ಜೋಕಿಗೆ ಮಾಡಿದ್ದು ಟೀಚರೇ” ಎಂದರು. ಅವರಿಗೆ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ಓದಲು ಕೊಟ್ಟು ಕಳಿಸಿದೆ. ಊರಿನಲ್ಲಿ ಏನೇ ಕೆಟ್ಟರೂ ಒಂದು ಆನೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಇಲಾಖೆಗಳ ಕಥೆ ಅದು. ನಗು ಎಲ್ಲೂ ಆನೆಯ ಮೇಲೆ ಹೋಗುವುದಿಲ್ಲ, ಕುರ್ಚಿಯಲ್ಲಿ ಕೂತವರ ಮೇಲೇ ಹೋಗುತ್ತದೆ. ಇದೇ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಇಲ್ಲಿನ ಜನರನ್ನೇ ನೋಡಿ ಬರೆದವರು ಅವರು. ಎರಡು ತಿಂಗಳು ಬಿಟ್ಟು ಆ ಹುಡುಗರು ಹೊಸದಾಗಿ ಮಾಡಿ ತಂದರು. ಈ ಸಲ ಸಾಹುಕಾರ್ರು ಕೆಲಸದವರ ಎದುರು ಹಿಂದಿ ಮಾತಾಡಲು ಒದ್ದಾಡುತ್ತಾರೆ, ಅಸ್ಸಾಮಿನವನು ಒಳ್ಳೆಯ ಕನ್ನಡದಲ್ಲಿ ಅವರನ್ನು ತಿದ್ದುತ್ತಾನೆ. ಆ ಪಾತ್ರ ಮಾಡಿದ್ದು ಲೈನಿನ ಹುಡುಗನೇ. ಹಿಂದಿನ ಸಾಲಿನ ನಗು ಮುಂದಿನ ಸಾಲಿಗಿಂತ ಜೋರಾಗಿತ್ತು.

ತೇಜಸ್ವಿಯವರ ಹೆಸರು ಬಂದ ಮೇಲೆ ಒಂದು ಮಾತು ಹೇಳಲೇಬೇಕು. 2023ರ ಮೇ ತಿಂಗಳಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಥಿಯೇಟರಿಗೆ ಬಂತು. ಅವರ ಒಂದು ಸಣ್ಣ ಕಥೆಯನ್ನಿಟ್ಟುಕೊಂಡು ಶಶಾಂಕ್ ಸೋಗಾಲ್ ನಿರ್ದೇಶಿಸಿದ ಮೊದಲ ಚಿತ್ರ. ತೇಜಸ್ವಿ ಓದುಗರು ತಾವೇ ಹಣ ಹಾಕಿ ಮಾಡಿಸಿದ್ದು. ಅಬಚೂರಿನ ಕಾಲೇಜಿಗೆ ಬರುವ ಮುಸಲ್ಮಾನ ಹುಡುಗನ ಬಗ್ಗೆ ಕ್ಲಾಸಿನವರು ತಲೆಯಲ್ಲಿ ಕಟ್ಟಿಕೊಂಡ ಭೂತಗಳನ್ನೆಲ್ಲ ಅದು ನಗಿಸುತ್ತ ನಗಿಸುತ್ತ ಕಳಚುತ್ತದೆ. ನಮ್ಮ ಕಡೆ ಮೊಬೈಲ್ ಎತ್ತಿಕೊಂಡ ಎಷ್ಟೋ ಹುಡುಗರಿಗೆ ಧೈರ್ಯ ಕೊಟ್ಟ ಚಿತ್ರ. ದೊಡ್ಡ ನಟರಿಲ್ಲದೆ, ನಮ್ಮ ಮಾತಿನಲ್ಲೇ ಥಿಯೇಟರನ್ನು ನಗಿಸಬಹುದು ಎಂದು ಅವರು ಕಣ್ಣಾರೆ ಕಂಡರು.

ಇಷ್ಟು ಚಿತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಉಂಬಳದ, ಅಂದರೆ ಜಿಗಣೆಯ ಚಿತ್ರ. ನಾಲ್ಕು ನಿಮಿಷದ್ದು. ‘ಎಲ್ಲಿ ನಗು ಬಂತು’ ಎಂದು ಕೇಳಿದ ಹುಡುಗನೇ ಮಾಡಿದ್ದು. ಮಳೆಗಾಲ ಎದುರು ಹಾಕಿಕೊಂಡು ಜುಲೈಯಲ್ಲೇ ತೆಗೆದರು. ಮಾತು ಕಡಿಮೆ ಇದ್ದದ್ದರಿಂದ ಸಾಧ್ಯವಾಯಿತು.

ಬೆಂಗಳೂರಿನಿಂದ ಹುಡುಗ ಹೆಣ್ಣು ನೋಡಲು ಬಂದಿದ್ದಾನೆ. ಕಾಲಿಗೆ ಬಿಳೀ ಸಾಕ್ಸು. ಹಲಸಿನ ಹಪ್ಪಳದ ತಟ್ಟೆ ಎದುರಿಗಿದೆ. ಹುಡುಗಿಯ ಅಪ್ಪನೂ ಚಿಕ್ಕಪ್ಪನೂ ಈ ಸಲ ಎಷ್ಟು ಇಂಚು ಮಳೆಯಾಯಿತು ಎಂದು ಜಗಳಕ್ಕೆ ನಿಂತಿದ್ದಾರೆ. ಸಾಕ್ಸಿನ ಮೇಲೆ ಒಂದು ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಉಂಬಳ ಕಚ್ಚಿದರೆ ನೋಯುವುದಿಲ್ಲ, ಆದರೆ ರಕ್ತ ಬೇಗ ನಿಲ್ಲುವುದೂ ಇಲ್ಲ. ಇಂಚಿನ ಲೆಕ್ಕ ಏರಿದ ಹಾಗೆ ಚುಕ್ಕೆಯೂ ದೊಡ್ಡದಾಗುತ್ತದೆ. ಹುಡುಗ ಕಾಲ ಮೇಲೆ ಕಾಲು ಹಾಕಿ ಮುಚ್ಚುತ್ತಾನೆ. ಕಾಫಿ ತಂದ ಹುಡುಗಿ ಅದನ್ನು ಕಂಡು, ಒಳಗೆ ಹೋಗಿ ಒಂದು ಸಾಸರಿನಲ್ಲಿ ಉಪ್ಪು ತಂದು ಯಾರಿಗೂ ಗೊತ್ತಾಗದ ಹಾಗೆ ಅವನ ಪಕ್ಕ ಇಡುತ್ತಾಳೆ. ಉಂಬಳದ ಮೇಲೆ ಉಪ್ಪು ಹಾಕಿದರೆ ಉದುರುತ್ತದೆ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಹುಡುಗನಿಗೆ ಗೊತ್ತಿಲ್ಲ. ಇಲ್ಲಿಯವರು ಬೆಲ್ಲದ ಕಾಫಿ ಕುಡಿಯುವವರು, ತನಗೆ ಸಕ್ಕರೆ ಬೇರೆ ಕೊಟ್ಟಿದ್ದಾರೆ ಎಂದುಕೊಂಡು ಎರಡು ಚಮಚ ಕಾಫಿಗೆ ಹಾಕಿ, ಕಲಕಿ, ಎಲ್ಲರ ಎದುರು ಗುಟುಕರಿಸುತ್ತಾನೆ.

ಮೊದಲ ಸಲ ತಂದಾಗ ಇಲ್ಲೇ ಕೆಟ್ಟಿತ್ತು. ಅವನು ಉಪ್ಪು ಹಾಕಿದ ಕೂಡಲೇ ‘ಟುಂಯ್’ ಎಂಬ ಸದ್ದು, ಅದೇ ದೃಶ್ಯ ನಿಧಾನಗತಿಯಲ್ಲಿ ಮತ್ತೆ ಮೂರು ಸಲ. ಕಣದಲ್ಲಿ ನಗಲು ಬಾಯಿ ತೆರೆದವರು ತೆರೆದ ಹಾಗೇ ಉಳಿದರು. ಸೌಂಡ್ ತೆಗೆದು ನೋಡಿದಾಗ ನನಗೆ ಗೊತ್ತಾಯಿತು, ಆ ಹುಡುಗಿಯ ಮುಖದಲ್ಲಿ ಏನೋ ಆಗುತ್ತಿದೆ, ಆದರೆ ಅದಕ್ಕೆ ಒಂದು ಸೆಕೆಂಡೂ ಸಿಕ್ಕಿಲ್ಲ. ನಾನು ಬರೆದುಕೊಟ್ಟೆ: “2.41ರಿಂದ 2.58ರ ವರೆಗೆ ಪೂರ್ತಿ ತೆಗೆಯಿರಿ. ಟುಂಯ್ ಬೇಡ. ಅವನು ಗುಟುಕರಿಸಿದ ಮೇಲೆ ಹುಡುಗಿಯ ಮುಖವನ್ನು ಮೂರು ಸೆಕೆಂಡು ತೋರಿಸಿ. ಮಳೆಯ ಸದ್ದು ಹಾಗೇ ಇರಲಿ.”

ಈ ವರ್ಷ ಏಪ್ರಿಲ್‌ನಲ್ಲಿ ತಿದ್ದಿದ್ದನ್ನು ತಂದು ಪಂಚೆಯ ಮೇಲೆ ಹಾಕಿದರು. ಹುಡುಗ ಗುಟುಕರಿಸಿದ. ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಹುಡುಗಿ ನೋಡುತ್ತಿದ್ದಾಳೆ. ಒಂದು ಸೆಕೆಂಡು ಕಣದಲ್ಲಿ ಯಾರೂ ಉಸಿರೆತ್ತಲಿಲ್ಲ. ಅವನು “ಕಾಫಿ ಚೆನ್ನಾಗಿದೆ” ಎಂದು ಇನ್ನೊಂದು ಗುಟುಕು ಕುಡಿದ. ನಮ್ಮ ಪಕ್ಕದ ಮನೆಯ ಅಜ್ಜಿ, ಎರಡು ವರ್ಷದಿಂದ ಮಂಡಿ ನೋವೆಂದು ಅಂಗಳ ಇಳಿಯದವರು, ಅವತ್ತು ಮೊಮ್ಮಗನ ಕೈ ಹಿಡಿದು ಬಂದಿದ್ದರು. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಅವರಿಂದ ಇಡೀ ಕಣಕ್ಕೆ ಹತ್ತಿತು. ಚಿತ್ರ ಮುಗಿದು ಲೈಟು ಹಾಕಿದರೂ ಅವರು ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

“ಹುಡುಗ ಅಡ್ಡಿಲ್ಲ ಮಾರಾಯ್ತಿ, ಕೊಡಬಹುದು” ಎಂದರು ನನಗೆ.

ನೋಟ್‌ಬುಕ್ಕಿನ ಎಡಗಡೆ 2.44 ಎಂದು ಬರೆದು, ಬಲಗಡೆ ಅಜ್ಜಿಯ ಮಾತನ್ನು ಹಾಗೇ ಬರೆದೆ. ಆ ಪುಟ ಹರಿದು ಹುಡುಗನ ಕೈಗೆ ಕೊಟ್ಟೆ.